ಹತ್ತು ಕೋಟಿ ಆಟ ಶುರುವಾಗಿದ್ದು ಗೊತ್ತು, ನಿಂತಿದ್ದು ಯಾವಾಗ?

ತೀರ್ಥಹಳ್ಳಿ ಕಡೆ ನಲವತ್ತು ದಾಟಿದೋರನ್ನ ಕೌನ್ ಬನೇಗಾ ಕರೋಡ್‌ಪತಿ ನೆನಪಿದ್ಯಾ ಅಂತ ಕೇಳಿ, ಅಮಿತಾಭ್ ಬಚ್ಚನ್ ದನಿನೇ ಮಾಡಿ ತೋರಿಸ್ತಾರೆ. ಅದೇ ಕಾಲದಲ್ಲಿ ಝೀ ಟಿವಿಲಿ ಬಂದ 'ಸವಾಲ್ ದಸ್ ಕರೋಡ್ ಕಾ' ಅಂದ್ರೆ ಮಾತ್ರ "ಹಂಗೊಂದಿತ್ತಾ ಮಾರಾಯ್ರೆ?" ಅಂತಾರೆ.

ಇತ್ತು. 2000ದ ಜುಲೈ 3ಕ್ಕೆ ಸ್ಟಾರ್ ಪ್ಲಸ್‌ನಲ್ಲಿ ಕೆಬಿಸಿ ಶುರುವಾಯ್ತು, ಬ್ರಿಟನ್‌ನಲ್ಲಿ 1998ರಲ್ಲಿ ಬಂದ ಆಟದ್ದೇ ಫಾರ್ಮ್ಯಾಟು, ಬಹುಮಾನ 1 ಕೋಟಿ. 1992ರಿಂದ ನಡೀತಿದ್ದ ಝೀ ಸುಮ್ನಿರುತ್ತಾ, ಒಂದು ಸೊನ್ನೆ ಜಾಸ್ತಿ ಹಾಕಿ 10 ಕೋಟಿ ಅಂತ ಅನೌನ್ಸ್ ಮಾಡಿ, ಅನುಪಮ್ ಖೇರ್, ಮನೀಷಾ ಕೊಯಿರಾಲಾ ಇಬ್ರನ್ನೂ ಕರ್ಕೊಂಡು ಬಂದು ಅದೇ ವರ್ಷ ಶೋ ಶುರು ಮಾಡೇಬಿಡ್ತು. ಓಡ್ಲಿಲ್ಲ. ಅಷ್ಟೊತ್ತಿಗೆ ಕೆಬಿಸಿಲಿ ಹರ್ಷವರ್ಧನ್ ನವಾಥೆ 1 ಕೋಟಿ ಗೆದ್ದೂ ಆಗಿತ್ತು, ಕಣ್ಣೆದುರು ಗೆದ್ದ ಒಂದು ಕೋಟಿ ಬಿಟ್ಟು ಯಾರೂ ಗೆಲ್ಲದ ಹತ್ತು ಕೋಟಿ ನೋಡ್ತಾ ಕೂರೋಕೆ ಜನಕ್ಕೇನು ಬೇರೆ ಕೆಲಸ ಇಲ್ವಾ. ದುಡ್ಡೇ ಎಲ್ಲ ಆಗಿದ್ರೆ 2002ರಲ್ಲಿ ಚಂದನದಲ್ಲಿ ಶುರುವಾಗಿ ಬರೀ ಪುಸ್ತಕ ಕೊಟ್ಟು ಸಾವಿರಾರು ಕಂತು ಓಡಿದ 'ಥಟ್ ಅಂತ ಹೇಳಿ'ಗೆ ಏನಂತೀರಿ.

ಇಂಥ ಶೋಗಳ ಜಾತಕ ಬರೆಯೋಕೆ ಕೂತ್ರೆ ಶುರುವಾದ ದಿನ ಸಿಗುತ್ತೆ, ಯಾಕಂದ್ರೆ ಅವತ್ತಿಗೆ ಜಾಹೀರಾತು, ಇಂಟರ್‌ವ್ಯೂ ಎಲ್ಲಾ ಇರುತ್ತೆ. ನಿಂತ ದಿನ ಯಾರೂ ಡಂಗುರ ಹೊಡೆಯಲ್ಲ. ಉಳಿಯೋದು ಹಳೇ ಪೇಪರಿನ 'ಟಿವಿಯಲ್ಲಿ ಇಂದು' ಥರದ ಕಾಲಂ. ಮಲೆನಾಡಲ್ಲಿ ಅಟ್ಟದ ಮೇಲಿನ ಪೇಪರ್ ಕಟ್ಟು ಬೂಷ್ಟಿಗೆ, ಗೆದ್ದಲಿಗೆ ಹೋಗಿರುತ್ತೆ, ಹಂಗಾಗಿ ಲೈಬ್ರರಿ ಬೈಂಡೇ ಗತಿ. ಅದ್ರಲ್ಲೂ ಒಂದು ತೊಡಕಿದೆ: ಕಾಲಂನಲ್ಲಿ ಇರೋದು ಹಾಕ್ತೀವಿ ಅಂತ ಚಾನೆಲ್‌ನೋರು ಮುಂಚೆ ಹೇಳಿದ್ದು, ನಿಜವಾಗ್ಲೂ ಹಾಕಿದ್ದಲ್ಲ, ಕೊನೇ ಗಳಿಗೇಲಿ ಬದಲಾದ್ರೆ ಪೇಪರಿಗೆ ಗೊತ್ತೇ ಇರಲ್ಲ.

ಜನರ ನೆನಪು ನಂಬೋಣ ಅಂದ್ರೆ ಇಲ್ಲಿ ಅದೂ ಕಷ್ಟ. ಆಗ ಮನೆ ಮೇಲಿನ ಆಂಟೆನಾಕ್ಕೆ ಸಿಗ್ತಿದ್ದಿದ್ದು ದೂರದರ್ಶನ ಮಾತ್ರ, ಅದೂ ಗುಡ್ಡ ಅಡ್ಡ ಬರದಿದ್ರೆ. ಸ್ಟಾರು, ಝೀ ಬೇಕಂದ್ರೆ ಪೇಟೇಲಿ ಕೇಬಲ್ ಇರ್ಬೇಕು, ತೋಟದ ಒಂಟಿ ಮನೆಗಳಿಗೆ ಯಾರು ವೈರ್ ಎಳೀತಾರೆ, ಅವ್ರು ಅಡಿಕೆ ದುಡ್ಡಲ್ಲಿ ದೊಡ್ಡ ಡಿಶ್ಶೇ ಹಾಕಿಸ್ಬೇಕಿತ್ತು. ಕೆಬಿಸಿ ಶುರುವಾಗಿದ್ದೇ ಆರಿದ್ರಾ ಮಳೇಲಿ, ಕರೆಂಟ್ ಇದ್ರೆ ತಾನೇ ನೋಡೋದು! ಹಂಗಾಗಿ "ನಾವು ನೋಡೇ ಇಲ್ಲ" ಅಂದ್ರೆ ಪ್ರಸಾರ ಆಗಿಲ್ಲ ಅಂತೇನಲ್ಲ.

ಆದ್ರಿಂದ ಕೊನೇ ಕಂತು ಹುಡುಕೋರು ಉಲ್ಟಾ ಹೋಗೋದೇ ಒಳ್ಳೇದು, ಆ ಟೈಮಿಗೆ ಬೇರೆ ಪ್ರೋಗ್ರಾಂ ಹೆಸರು ಯಾವತ್ತು ಬಂತು ಅಂತ ಮೊದ್ಲು ಹಿಡಿದು, ಎರಡು ಮೂರು ಪೇಪರ್ ಪಕ್ಕ ಪಕ್ಕ ಇಟ್ಕೊಂಡು ದಿನಾ ಹಿಂದಕ್ಕೆ ಬರ್ಬೇಕು, ಮಧ್ಯೆ ಮರುಪ್ರಸಾರ ನುಸುಳಿದ್ರೆ ಬೇರೆ ಮಾಡ್ಬೇಕು.