ಬಿ.ಇಡಿ.ಯಲ್ಲಿ ಓದುವ ಕಲಿಕಾ ಸಿದ್ಧಾಂತಗಳು ತರಗತಿಯಲ್ಲಿ ಕೆಲಸಕ್ಕೆ ಬರುತ್ತವೆಯೇ?

ಓದುಗರ ಪ್ರಶ್ನೆ: ಪಿಯಾಜೆ, ವೈಗೋಟ್‌ಸ್ಕಿ, ಸ್ಕಿನ್ನರ್ ಎಂಬ ಮನೋವಿಜ್ಞಾನಿಗಳನ್ನೆಲ್ಲ ಪರೀಕ್ಷೆಗಾಗಿ ಕಂಠಪಾಠ ಮಾಡುತ್ತೇವೆ. ಆದರೆ ನಲವತ್ತು ಮಕ್ಕಳ ಮುಂದೆ ನಿಂತಾಗ ಇವುಗಳಲ್ಲಿ ಒಂದಾದರೂ ನೆರವಾಗುತ್ತದೆಯೇ, ಅಥವಾ ಅನುಭವವೇ ಸಾಕೇ?

ಉತ್ತರ: ನಾನು ಇನ್ನೂ ಶಿಕ್ಷಕಿಯಾಗಿಲ್ಲ. ಬಿ.ಇಡಿ. ಎರಡನೇ ವರ್ಷದಲ್ಲಿದ್ದೇನೆ, ಸರ್ಕಾರಿ ಶಾಲೆಯೊಂದರಲ್ಲಿ ಇಂಟರ್ನ್‌ಷಿಪ್ ಮಾಡುತ್ತಿದ್ದೇನೆ. ನೀವು ಕೇಳಿದ ಪ್ರಶ್ನೆಯನ್ನೇ ನಾನೂ ಹೊತ್ತುಕೊಂಡು ಆ ಶಾಲೆಗೆ ಹೋಗಿದ್ದೆ. ಅಲ್ಲಿ ನನಗೆ ದೊರೆತ ಉತ್ತರ ಇದು: ಪಾಠ ಸರಾಗವಾಗಿ ಸಾಗುತ್ತಿರುವಾಗ ಸಿದ್ಧಾಂತದ ನೆನಪೇ ಬರುವುದಿಲ್ಲ, ಮಗುವೊಂದು ತಪ್ಪು ಉತ್ತರ ಕೊಟ್ಟಾಗ, ಆ ತಪ್ಪಿನ ಮೂಲ ಎಲ್ಲಿದೆ ಎಂದು ಹುಡುಕಲು ಅದು ಬೇಕಾಗುತ್ತದೆ.

ಏಳನೇ ತರಗತಿಯಲ್ಲಿ ದಶಮಾಂಶದ ಪಾಠ. 0.5 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು 0.35 ಎಂದರು, ಏಕೆಂದರೆ ಐದಕ್ಕಿಂತ ಮೂವತ್ತೈದು ದೊಡ್ಡದು. ನಾನು ಕರಿಹಲಗೆಯ ಮೇಲೆ ನಿಯಮ ಬರೆದೆ: ಬಿಂದುವಿನ ನಂತರದ ಅಂಕಿಗಳ ಸಂಖ್ಯೆ ಸಮನಾಗುವವರೆಗೆ ಬಲಕ್ಕೆ ಸೊನ್ನೆ ಸೇರಿಸಿ, ಆಮೇಲೆ ಹೋಲಿಸಿ. ಹತ್ತು ಲೆಕ್ಕ ಕೊಟ್ಟೆ, ಬಹುತೇಕ ಎಲ್ಲರೂ ಸರಿ ಮಾಡಿದರು. ಪಾಠ ಯೋಜನೆಯ ಮೌಲ್ಯಮಾಪನದ ಕಾಲಂನಲ್ಲಿ ಉದ್ದೇಶ ಈಡೇರಿದೆ ಎಂದು ಬರೆದು ಸಮಾಧಾನದಿಂದ ಮನೆಗೆ ಹೋದೆ.

ಮಾರನೆಯ ದಿನ ಸುಮ್ಮನೆ ಇನ್ನೊಂದು ಪ್ರಶ್ನೆ ಕೇಳಿದೆ. 3.5 ಮತ್ತು 4ರ ನಡುವೆ ಯಾವುದಾದರೂ ಸಂಖ್ಯೆ ಇದೆಯೇ? ಹಿಂದಿನ ದಿನ ಹತ್ತಕ್ಕೆ ಹತ್ತು ಸರಿ ಮಾಡಿದ್ದ ಹುಡುಗನೊಬ್ಬ ಇಲ್ಲ ಎಂದ. ಏಕೆ ಎಂದು ಕೇಳಿದರೆ, "ಐದು ಬಾಲ್ ಆಯ್ತಲ್ಲ ಮಿಸ್, ಇನ್ನೊಂದು ಹಾಕಿದ್ರೆ ಓವರ್ ಮುಗೀತು" ಎಂದ.

ಆ ಉತ್ತರದ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ, ಏಕೆಂದರೆ ಅವನ ಲೋಕದಲ್ಲಿ ಅದು ತಪ್ಪೇ ಅಲ್ಲ. ಕ್ರಿಕೆಟ್‌ನಲ್ಲಿ 3.5 ಎಂದರೆ ಮೂರು ಓವರ್, ಐದು ಎಸೆತ. ಅಲ್ಲಿ ಬಿಂದು ಎರಡು ಬೇರೆ ಬೇರೆ ಎಣಿಕೆಗಳನ್ನು ಬೇರ್ಪಡಿಸುವ ಗುರುತು ಮಾತ್ರ, ಬಿಂದುವಿನ ಬಲಕ್ಕಿರುವ ಎಣಿಕೆ ಆರಕ್ಕೆ ತಲುಪಿದೊಡನೆ ಹೊಸ ಓವರ್ ಆಗುತ್ತದೆ. ಈ ಮಕ್ಕಳು ಗಣಿತ ಪುಸ್ತಕದಲ್ಲಿ ದಶಮಾಂಶವನ್ನು ನೋಡುವ ಎಷ್ಟೋ ಮೊದಲೇ ಟಿವಿಯ ಸ್ಕೋರಿನಲ್ಲಿ ಆ ಬಿಂದುವನ್ನು ನೋಡಿದ್ದಾರೆ. ನಾನು ಕೊಟ್ಟ ನಿಯಮ ಅವರ ಕೈಗೆ ಸಿಕ್ಕಿತ್ತು, ಆದರೆ ಬಿಂದುವಿನ ಅರ್ಥ ಅವರ ಮನಸ್ಸಿನಲ್ಲಿ ಹಿಂದಿನಂತೆಯೇ ಉಳಿದಿತ್ತು.

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಆಸುಬೆಲ್ 1968ರಲ್ಲಿ ಬರೆದ ಒಂದು ಮಾತನ್ನು ನಾವೆಲ್ಲ ನೋಟ್ಸಿನಲ್ಲಿ ಬರೆದುಕೊಂಡಿರುತ್ತೇವೆ: ಕಲಿಕೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದು ಕಲಿಯುವವನಿಗೆ ಈಗಾಗಲೇ ಏನು ಗೊತ್ತಿದೆ ಎಂಬುದು, ಅದನ್ನು ಕಂಡುಕೊಂಡು ಅದಕ್ಕೆ ತಕ್ಕಂತೆ ಕಲಿಸಬೇಕು. ಪೂರ್ವಜ್ಞಾನ ಎಂದರೆ ಹಿಂದಿನ ತರಗತಿಯ ಪಾಠ ಎಂದೇ ನಾನು ತಿಳಿದಿದ್ದೆ, ಪಾಠ ಯೋಜನೆಯಲ್ಲಿ 'ಮಕ್ಕಳಿಗೆ ಭಿನ್ನರಾಶಿ ತಿಳಿದಿದೆ' ಎಂದಷ್ಟೇ ಬರೆದಿದ್ದೆ. ಬೀದಿಯ ಆಟವೂ ಪೂರ್ವಜ್ಞಾನವೇ, ಅದು ಹೊಸ ಪಾಠಕ್ಕೆ ಅಡ್ಡಿಯಾಗಿಯೂ ನಿಲ್ಲಬಹುದು ಎಂಬುದು ಆ ಹುಡುಗ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಪಿಯಾಜೆ ನನಗೆ ನೆರವಾದದ್ದೂ ಇಲ್ಲಿಯೇ. ಪರೀಕ್ಷೆಗಾಗಿ ನಾವು ಅವರು ಹೇಳಿದ, ಮಗುವಿನ ಯೋಚನೆ ಬೆಳೆಯುವ ನಾಲ್ಕು ಹಂತಗಳನ್ನೂ ವಯಸ್ಸುಗಳನ್ನೂ ಉರು ಹೊಡೆಯುತ್ತೇವೆ. ನನ್ನ ದೃಷ್ಟಿಯಲ್ಲಿ ತರಗತಿಗೆ ಅತಿ ಕಡಿಮೆ ಬೇಕಾದ ಭಾಗ ಅದು. ಆ ವಯಸ್ಸಿನ ಗೆರೆಗಳು ಗಟ್ಟಿಯಾದವೂ ಅಲ್ಲ: ಪ್ರಶ್ನೆಯನ್ನು ಮಗುವಿಗೆ ಅರ್ಥವಾಗುವ ಸನ್ನಿವೇಶದಲ್ಲಿಟ್ಟು ಕೇಳಿದರೆ, ಪಿಯಾಜೆ ಹೇಳಿದ್ದಕ್ಕಿಂತ ಚಿಕ್ಕ ವಯಸ್ಸಿನಲ್ಲೇ ಮಕ್ಕಳು ಸರಿಯಾಗಿ ಯೋಚಿಸಬಲ್ಲರು ಎಂದು ಮನೋವಿಜ್ಞಾನಿ ಮಾರ್ಗರೆಟ್ ಡೊನಾಲ್ಡ್‌ಸನ್ 1978ರಲ್ಲೇ ವಾದಿಸಿದ್ದರು. ಪಿಯಾಜೆಯವರಲ್ಲಿ ಉಳಿಯುವಂಥದ್ದು ಸ್ವಾಂಗೀಕರಣ ಮತ್ತು ಹೊಂದಾಣಿಕೆಯ ವಿಚಾರ. ಮಗು ಹೊಸದನ್ನು ಮೊದಲು ತನ್ನಲ್ಲಿರುವ ಹಳೆಯ ಚೌಕಟ್ಟಿಗೇ ಸೇರಿಸಿಕೊಳ್ಳುತ್ತದೆ. ಆ ಚೌಕಟ್ಟಿನಲ್ಲಿ ಅದು ಹಿಡಿಸದೆ ಹೋದಾಗ ಮಾತ್ರ ಚೌಕಟ್ಟನ್ನು ಬದಲಿಸುತ್ತದೆ. ನನ್ನ ಹತ್ತು ಲೆಕ್ಕಗಳಲ್ಲಿ ಹಳೆಯ ಚೌಕಟ್ಟಿಗೆ ಹಿಡಿಸದಂಥದ್ದು ಒಂದೂ ಇರಲಿಲ್ಲ, ಏಕೆಂದರೆ ಸೊನ್ನೆ ಸೇರಿಸಿದ ಮೇಲೆ ಅವೆಲ್ಲ ಪೂರ್ಣ ಸಂಖ್ಯೆಗಳ ಹೋಲಿಕೆಯೇ ಆಗಿದ್ದವು.

ಆದ್ದರಿಂದ ಮುಂದಿನ ಅವಧಿಯಲ್ಲಿ ಹಿಡಿಸದ ಸಂಗತಿಯೊಂದನ್ನೇ ಮುಂದಿಟ್ಟೆ. ಎರಡೂವರೆ ಓವರನ್ನು ಸ್ಕೋರಿನಲ್ಲಿ ಹೇಗೆ ಬರೆಯುತ್ತಾರೆ? 2.3 ಎಂದರು. ಎರಡೂವರೆ ಮೀಟರ್ ಬಟ್ಟೆಯನ್ನು? 2.5. ಎರಡನ್ನೂ ಅಕ್ಕಪಕ್ಕ ಬರೆದು, ಎರಡೂ 'ಎರಡೂವರೆ'ಯೇ ಆದರೆ ಬಿಂದುವಿನ ಬಲಕ್ಕೆ ಒಂದರಲ್ಲಿ ಮೂರು, ಇನ್ನೊಂದರಲ್ಲಿ ಐದು ಏಕೆ ಎಂದು ಕೇಳಿ ಸುಮ್ಮನಾದೆ. ತರಗತಿಯಲ್ಲಿ ಗದ್ದಲ ಎದ್ದಿತು. ಓವರಿನಲ್ಲಿ ಆರು ಎಸೆತ, ಇಲ್ಲಿ ಹತ್ತು ಭಾಗ ಎಂಬ ಮಾತು ಮಕ್ಕಳ ನಡುವಿನಿಂದಲೇ ಬಂತು.

ಅದೇ ಹುಡುಗನಿಗೆ 0.5 ಮತ್ತು 0.35ರ ವಿಷಯವನ್ನು ಬಿಡಿಸಿ ಹೇಳಿದ್ದು ನಾನಲ್ಲ, ಪಕ್ಕದ ಸಾಲಿನ ಹುಡುಗಿ. ಅವಳ ಅಮ್ಮ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. "ಅರ್ಧ ಮೀಟರ್ ಬಟ್ಟೆ ಮೂವತ್ತೈದು ಸೆಂಟಿಮೀಟರ್‌ಗಿಂತ ದೊಡ್ಡದಲ್ವೇನೋ" ಎಂದು ಟೇಪನ್ನು ಬೆಂಚಿನ ಮೇಲೆ ಹಾಸಿ ತೋರಿಸಿದಳು. ವೈಗೋಟ್‌ಸ್ಕಿ ಹೇಳುವ ಸಮೀಪ ವಿಕಾಸ ವಲಯ ಎಂದರೆ ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಹೆಚ್ಚು ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರ, ಮತ್ತು ಆ ಹೆಚ್ಚು ತಿಳಿದವರು ಶಿಕ್ಷಕರೇ ಆಗಬೇಕೆಂದಿಲ್ಲ. (ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ: ಮಗುವಿಗೆ ಕೊಡುವ ಇಂಥ ನೆರವನ್ನು ಕಟ್ಟಡಕ್ಕೆ ಹಾಕುವ ಸಾರವೆಗೆ ಹೋಲಿಸುವ ಸ್ಕ್ಯಾಫೋಲ್ಡಿಂಗ್ ಎಂಬ ಪದ ವೈಗೋಟ್‌ಸ್ಕಿಯದಲ್ಲ. ಅವರು 1934ರಲ್ಲೇ ತೀರಿಕೊಂಡರು. ಆ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದದ್ದು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಬರೆದ ಲೇಖನ. ನಮ್ಮ ಎಷ್ಟೋ ಗೈಡುಗಳಲ್ಲಿ ಇದು ತಪ್ಪಾಗಿದೆ.)

ಟೇಪಿನಲ್ಲಿ ಒಂದು ಅಪಾಯವೂ ಇತ್ತು. 50 ಸೆಂಟಿಮೀಟರ್, 35 ಸೆಂಟಿಮೀಟರ್ ಎಂದು ಓದಿದರೆ ಅದು ಮತ್ತೆ ಪೂರ್ಣ ಸಂಖ್ಯೆಯೇ. ಅದಕ್ಕಾಗಿ ಉದ್ದನೆಯ ಕಾಗದದ ಪಟ್ಟಿಗಳನ್ನು ಕೊಟ್ಟು ಹತ್ತು ಸಮಭಾಗ ಮಾಡಿಸಿದೆ, ಒಂದು ಭಾಗವನ್ನು ಮತ್ತೆ ಹತ್ತು ಮಾಡಿಸಿದೆ, ಆಮೇಲೆ ಸಂಖ್ಯಾರೇಖೆ, ಕೊನೆಗೆ ಅಂಕಿ. ಕೈಯಿಂದ ಚಿತ್ರಕ್ಕೆ, ಚಿತ್ರದಿಂದ ಸಂಕೇತಕ್ಕೆ ಎಂಬ ಬ್ರೂನರ್ ಅವರ ಕ್ರಮ ಇದು. ಎರಡು ಅವಧಿ ಹಿಡಿಯಿತು. ಆ ಕೆಲಸದ ನಡುವೆ ನನ್ನದೇ ಒಂದು ತಪ್ಪು ಗೊತ್ತಾಯಿತು: ನಾನು 0.35 ಅನ್ನು 'ಪಾಯಿಂಟ್ ಮೂವತ್ತೈದು' ಎಂದು ಓದುತ್ತಿದ್ದೆ. 'ಸೊನ್ನೆ ಬಿಂದು ಮೂರು ಐದು' ಎಂದು ಓದುವ ಬದಲು, ಮಕ್ಕಳ ತಪ್ಪು ಕಲ್ಪನೆಗೆ ನನ್ನ ಬಾಯಿಂದಲೇ ಬಲ ಕೊಡುತ್ತಿದ್ದೆ.

ಇಷ್ಟು ಹೇಳಿದ ಮಾತ್ರಕ್ಕೆ, ಅಭ್ಯಾಸಕ್ಕೂ ತಕ್ಷಣದ ಹಿಮ್ಮಾಹಿತಿಗೂ ಒತ್ತು ಕೊಟ್ಟ ಥಾರ್ನ್‌ಡೈಕ್, ಸ್ಕಿನ್ನರ್ ಇವರನ್ನು ಬದಿಗಿಡಬೇಕೆಂದು ನಾನು ಹೇಳುವುದಿಲ್ಲ. ಮಗ್ಗಿ ಬಾರದ ಮಗು ಭಿನ್ನರಾಶಿಯ ಲೆಕ್ಕದಲ್ಲಿ ಯೋಚಿಸುವ ಶಕ್ತಿಯನ್ನೆಲ್ಲ ಗುಣಾಕಾರಕ್ಕೇ ಕಳೆಯುತ್ತದೆ, ಅಲ್ಲಿ ಅಭ್ಯಾಸವೂ ತಕ್ಷಣದ ಹಿಮ್ಮಾಹಿತಿಯೂ ಬೇಕೇ ಬೇಕು. ಅರ್ಥವಾದದ್ದನ್ನು ಕೈಗೆ ಹತ್ತಿಸಲು ಅಭ್ಯಾಸ ಸರಿ. ಅರ್ಥದ ಜಾಗದಲ್ಲಿ ಅಭ್ಯಾಸವನ್ನು ಇಟ್ಟದ್ದು ನನ್ನ ಮೊದಲ ದಿನದ ತಪ್ಪು.

ನಾವು ಕಲಿಯುವುದರಲ್ಲಿ ಬಿಟ್ಟುಬಿಡಬೇಕಾದದ್ದೂ ಇದೆ. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬ ಮಾತು ಎಷ್ಟೋ ಪಾಠ ಯೋಜನೆಗಳಲ್ಲಿ ಇನ್ನೂ ಇದೆ. 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಹೋದ್ಯೋಗಿಗಳು ಆವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಇದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ತೀರ್ಮಾನಿಸಿದರು. ಕಾಗದದ ಪಟ್ಟಿ ನನ್ನ ತರಗತಿಯ ಎಲ್ಲ ಮಕ್ಕಳಿಗೂ ಬೇಕಾಗಿತ್ತು, ಏಕೆಂದರೆ ದಶಮಾಂಶ ಎಂಬ ವಿಷಯವೇ ಅದನ್ನು ಬೇಡುತ್ತದೆ.

ಅನುಭವವೇ ಸಾಕೇ ಎಂದು ಕೇಳಿದ್ದೀರಿ. ಅನುಭವಿ ಶಿಕ್ಷಕರಿಗೆ ಮಗು ಎಲ್ಲಿ ಎಡವುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ, ಆ ತಿಳಿವಳಿಕೆಗೆ ನನಗೆ ತುಂಬು ಗೌರವವಿದೆ. ಆದರೆ ನನ್ನಂಥ ಹೊಸಬರಿಗೆ ಅಷ್ಟು ವರ್ಷಗಳ ಬುತ್ತಿ ಇಲ್ಲ, ಅದು ಕೂಡುವವರೆಗೆ ಕಾಯಲು ಈ ವರ್ಷದ ಮಕ್ಕಳಿಗೆ ಸಾಧ್ಯವೂ ಇಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ ಶಿಶು ವಿಕಸನ ಮತ್ತು ಬೋಧನಾ ವಿಧಾನಕ್ಕೆ 30 ಅಂಕಗಳಿವೆ, ಅದಕ್ಕಾಗಿ ಹಂತಗಳನ್ನೂ ನಿಯಮಗಳನ್ನೂ ಓದಲೇಬೇಕು, ಓದಿ. ಜೊತೆಗೆ, ಪಾಠ ಯೋಜನೆಯ ನಮೂನೆಯಲ್ಲಿಲ್ಲದ ಒಂದು ಸಾಲನ್ನು ನಾನು ಈಗ ಪ್ರತಿ ಪಾಠಕ್ಕೂ ಪೆನ್ಸಿಲಿನಲ್ಲಿ ಸೇರಿಸುತ್ತೇನೆ: ಈ ಪ್ರಶ್ನೆಗೆ ಮಕ್ಕಳು ಯಾವ ತಪ್ಪು ಉತ್ತರ ಕೊಡಬಹುದು, ಅವರ ಮಟ್ಟಿಗೆ ಅದು ಸರಿ ಎನಿಸುವುದು ಏಕೆ? ಮುಂದಿನ ವಾರ ಋಣ ಸಂಖ್ಯೆಗಳ ಪಾಠವಿದೆ. ಆ ಸಾಲಿನಲ್ಲಿ ಸದ್ಯಕ್ಕೆ 'ಸಾಲ, ಲಿಫ್ಟು, ತಾಪಮಾನ, ಇವುಗಳಲ್ಲಿ ಯಾವುದನ್ನು ಇವರು ಕಂಡಿದ್ದಾರೆ?' ಎಂದು ಬರೆದುಕೊಂಡಿದ್ದೇನೆ.