ಮೂರನೇ ಕಥೆಯ ಗೊಂಬೆ

ಅಮೆರಿಕದಲ್ಲಿ ಈಗ ಐವತ್ತು, ಅರವತ್ತು ದಾಟಿರುವ ಅನೇಕರಿಗೆ ಒಂದು ನೆನಪಿದೆ. ಚಿಕ್ಕವರಿದ್ದಾಗ ಟಿವಿಯಲ್ಲಿ ನೋಡಿದ್ದು. ಒಂದು ಫ್ಲ್ಯಾಟು. ಒಳಗೆ ಒಬ್ಬಳೇ ಹೆಂಗಸು. ಅವಳ ಕಾಲಿಗೆ ಗುರಿಯಿಟ್ಟು, ಚಾಕು ಹಿಡಿದು ಓಡಿಬರುವ ಒಂದು ಪುಟ್ಟ ಗೊಂಬೆ. ಸಿನಿಮಾದ ಹೆಸರೇನು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಎಷ್ಟೋ ರಾತ್ರಿ ಮಂಚದಿಂದ ಕಾಲು ಕೆಳಗಿಡಲು ಹೆದರಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಅದರ ಹೆಸರು ‘ಟ್ರಿಲಜಿ ಆಫ್ ಟೆರರ್’. 1975ರ ಮಾರ್ಚ್ 4ರಂದು ಎಬಿಸಿ ವಾಹಿನಿಯಲ್ಲಿ ಬಂತು. ಥಿಯೇಟರಿಗಲ್ಲ, ಟಿವಿಗೆ ಅಂತಲೇ ತೆಗೆದ ಸಿನಿಮಾ. ಒಂದೂಕಾಲು ಗಂಟೆಯೂ ಇಲ್ಲ, ಅಷ್ಟರಲ್ಲೇ ಮೂರು ಕಥೆ. ನಿರ್ದೇಶಕ ಡ್ಯಾನ್ ಕರ್ಟಿಸ್. ಮೂರೂ ಕಥೆಗಳ ಮೂಲ ಲೇಖಕ ರಿಚರ್ಡ್ ಮ್ಯಾಥೆಸನ್. ಮೂರರಲ್ಲೂ ನಾಯಕಿ ಕ್ಯಾರೆನ್ ಬ್ಲ್ಯಾಕ್. ನಡುವಿನ ಕಥೆಯಲ್ಲಿ ಅಕ್ಕ ತಂಗಿ ಇಬ್ಬರೂ ಅವರೇ, ಹಾಗಾಗಿ ಒಟ್ಟು ನಾಲ್ಕು ಪಾತ್ರ.

ನೋಡಿದವರ ಅಭಿಪ್ರಾಯ ಕೇಳಿದರೆ ಹೆಚ್ಚು ಕಡಿಮೆ ಒಂದೇ ರಾಗ. ‘ಮೊದಲೆರಡು ಸಪ್ಪೆ. ಮೂರನೆಯದು ಇದೆಯಲ್ಲ, ಅಬ್ಬಾ!’ ಇದು ಸಿನಿಮಾದ ಬಗ್ಗೆ ಕೊಟ್ಟ ತೀರ್ಪು ಅಂತ ನಮಗೆ ಅನಿಸುತ್ತದೆ. ನನಗೆ ಇದು ಮೆದುಳಿನ ಬಗ್ಗೆ ಕೊಟ್ಟ ಸಾಕ್ಷಿಯಂತೆ ಕಾಣುತ್ತದೆ.

ಮೊದಲು ಮೂರನೇ ಕಥೆ ಏನು ನೋಡೋಣ. ಅಮೀಲಿಯಾ ತನ್ನ ಗೆಳೆಯನ ಹುಟ್ಟುಹಬ್ಬಕ್ಕೆ ಒಂದು ಮರದ ಗೊಂಬೆ ತಂದಿದ್ದಾಳೆ. ಕೈಯಲ್ಲಿ ಈಟಿ, ಬಾಯಿ ತುಂಬ ಚೂಪು ಹಲ್ಲು. ಅದರ ಮೈಮೇಲಿನ ಚಿನ್ನದ ಸರ ಬಿದ್ದರೆ ಒಳಗಿನ ಬೇಟೆಗಾರ ಎದ್ದುಬಿಡುತ್ತಾನೆ ಅಂತ ಜೊತೆಗಿದ್ದ ಚೀಟಿ ಹೇಳುತ್ತದೆ. ಸರ ಬೀಳುತ್ತದೆ, ಬೀಳದೆ ಇರುತ್ತದಾ? ಆಮೇಲೆ ಕೋಣೆಯಿಂದ ಕೋಣೆಗೆ ಓಟ. ಗೊಂಬೆ ನ್ಯೂ ಮೆಕ್ಸಿಕೋದ ಜುನಿ ಜನರದ್ದು ಅಂತ ಸಿನಿಮಾ ಹೇಳುತ್ತದೆ. ಅದು ಶುದ್ಧ ಕಟ್ಟುಕಥೆ. ಜುನಿ ಜನ ಕೆತ್ತನೆಗೆ ಹೆಸರಾದವರು ನಿಜ. ಆದರೆ ಅವರು ಕೆತ್ತುವುದು ಕರಡಿ, ತೋಳದಂಥ ಪುಟ್ಟ ಕಲ್ಲಿನ ಪ್ರಾಣಿಗಳನ್ನು. ಅವುಗಳ ಜೊತೆ ಈ ಹಲ್ಲುಕಿರುಕನಿಗೆ ಯಾವ ಸಂಬಂಧವೂ ಇಲ್ಲ.

ಈಗ ಇನ್ನೊಂದು ಮೂರು ಭಾಗದ ಕಥೆ. ಇದನ್ನು ತೋರಿಸಿದ್ದು ಕ್ಯಾಲಿಫೋರ್ನಿಯಾದ ಒಂದು ಪ್ರಯೋಗಾಲಯದಲ್ಲಿ. ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಜೊತೆಗಾರರು 1994ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಕಥೆ ಸರಳ. ತಾಯಿ, ಮಗ ಮನೆಯಿಂದ ಹೊರಡುತ್ತಾರೆ. ನಡುವೆ ಹುಡುಗನಿಗೆ ಭೀಕರ ಅಪಘಾತವಾಗುತ್ತದೆ, ಆಸ್ಪತ್ರೆಯಲ್ಲಿ ದೊಡ್ಡ ಆಪರೇಶನ್ ನಡೆಯುತ್ತದೆ. ಕೊನೆಗೆ ತಾಯಿ ಆಸ್ಪತ್ರೆಯಿಂದ ಹೊರಗೆ ಬರುತ್ತಾಳೆ. ಒಂದು ವಾರ ಬಿಟ್ಟು ಕೇಳಿದರೆ ನೋಡಿದವರಿಗೆ ನಡುವಿನ ಭಾಗವೇ ಜಾಸ್ತಿ ನೆನಪಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಶ್ಚರ್ಯ ಇದ್ದದ್ದು ಇನ್ನೊಂದು ಗುಂಪಿನಲ್ಲಿ. ಅವರಿಗೆ ಕಥೆ ತೋರಿಸುವ ಮುಂಚೆ ಪ್ರೊಪ್ರಾನೊಲಾಲ್ ಮಾತ್ರೆ ಕೊಟ್ಟಿದ್ದರು. ಬಿಪಿಗೆ, ಎದೆಬಡಿತ ಹಿಡಿತಕ್ಕೆ ತರಲು ಡಾಕ್ಟರು ಬರೆಯುವ ಮಾತ್ರೆ ಅದು. ಮೈಯಲ್ಲಿ ಅಡ್ರಿನಲಿನ್ ಮಾಡುವ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಈ ಗುಂಪಿಗೆ ಕಥೆಯ ಸಪ್ಪೆ ಭಾಗಗಳು ಬೇರೆಯವರಷ್ಟೇ ನೆನಪಿದ್ದವು. ಅಪಘಾತದ ಭಾಗಕ್ಕೆ ಸಿಗಬೇಕಾದ ಹೆಚ್ಚುವರಿ ನೆನಪು ಮಾತ್ರ ಸಿಕ್ಕಿರಲಿಲ್ಲ.

ಅಂದರೆ, ಹೆದರಿಕೆ ಆದಾಗ ಎದೆ ಬಡಿದುಕೊಳ್ಳುವುದು ಸುಮ್ನೆ ಅಲ್ಲ. ಆಗ ಬಿಡುಗಡೆಯಾಗುವ ಹಾರ್ಮೋನುಗಳು ಮೆದುಳಿನ ಒಳಗಿರುವ ಬಾದಾಮಿಯಾಕಾರದ ಅಮಿಗ್ಡಲಾವನ್ನು ಎಚ್ಚರಿಸುತ್ತವೆ. ಅದು ಪಕ್ಕದಲ್ಲೇ ಇರುವ, ನೆನಪು ಕೂಡಿಡುವ ಹಿಪೊಕ್ಯಾಂಪಸ್ಸಿಗೆ ‘ಇದನ್ನು ಗಟ್ಟಿಯಾಗಿ ಬರೆದುಕೋ’ ಅನ್ನುತ್ತದೆ. ಗೊಂಬೆಗೆ ಆ ಮುದ್ರೆ ಬಿತ್ತು. ಮೊದಲೆರಡು ಕಥೆಗಳಿಗೆ ಬೀಳಲಿಲ್ಲ.

ಜೊತೆಗೆ ಅದು ಕೊನೆಯ ಕಥೆ ಬೇರೆ. ಇದರ ಲೆಕ್ಕ ಬೇರೆಯೇ ಇದೆ. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಜನ ತಣ್ಣೀರಲ್ಲಿ ಕೈ ಇಡಬೇಕಿತ್ತು. ಒಂದು ಸಲ 14 ಡಿಗ್ರಿ ನೀರಿನಲ್ಲಿ 60 ಸೆಕೆಂಡು. ಇನ್ನೊಂದು ಸಲ ಅದೇ 60 ಸೆಕೆಂಡು, ಮೇಲೆ ಇನ್ನೂ 30 ಸೆಕೆಂಡು. ಆದರೆ ಆ ಕೊನೆಯ 30ರಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತದೆ. ಯಾವುದನ್ನು ಮತ್ತೆ ಮಾಡುತ್ತೀರಿ ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು! ಒಟ್ಟು ನೋವು ಅದರಲ್ಲೇ ಜಾಸ್ತಿ, ಅಲ್ವಾ? ಆದರೆ ನೆನಪು ಕೂಡಿಸಿ ಕಳೆಯುವ ಗುಮಾಸ್ತನಲ್ಲ. ಅದು ಅನುಭವದ ತುತ್ತತುದಿಯನ್ನೂ ಕೊನೆಯನ್ನೂ ನೋಡಿ ಅಂಕ ಹಾಕಿಬಿಡುತ್ತದೆ. ಈ ಸಿನಿಮಾದಲ್ಲಿ ತುತ್ತತುದಿ, ಕೊನೆ ಎರಡೂ ಒಂದೇ ಕಡೆ ಇವೆ. ಗೊಂಬೆಯನ್ನು ಮೊದಲ ಕಥೆಯಾಗಿ ಹಾಕಿದ್ದರೆ? ಇಡೀ ಸಿನಿಮಾವೇ ಕೆಳಗಿಳಿಯುತ್ತ ಹೋಯಿತು ಅಂತ ಜನ ಗೊಣಗುತ್ತಿದ್ದರೇನೋ.

ಇಲ್ಲಿ ನನ್ನದೊಂದು ತಕರಾರು. ಮೊದಲ ಕಥೆ ಜನ ಹೇಳುವಷ್ಟು ಸಪ್ಪೆ ಅಲ್ಲ. ಸಂಕೋಚದ ಮೇಡಂ, ಅವರನ್ನು ಬಲೆಗೆ ಹಾಕಿಕೊಂಡೆ ಅಂದುಕೊಳ್ಳುವ ಕಾಲೇಜು ಹುಡುಗ. ಬಲೆ ನಿಜಕ್ಕೂ ಯಾರದ್ದು ಅನ್ನುವುದು ಕೊನೆಗೆ ಗೊತ್ತಾಗುತ್ತದೆ. ಕಹಿಯಾದ, ಚುರುಕಾದ ಕಥೆ. ಎರಡನೆಯದರ ಗುಟ್ಟು ಮಾತ್ರ ಅರ್ಧಕ್ಕೇ ತಿಳಿದುಹೋಗುತ್ತದೆ, ಅದನ್ನು ಒಪ್ಪಿದೆ.

ಹೆಸರು ಮರೆತು ಚಾಕು ನೆನಪಿರುವುದೇಕೆ? ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಗಾರರು 1987ರಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆ ಕೇಳಿದರು. ಕೆಲವರಿಗೆ ಹೋಟೆಲಿನ ಕೌಂಟರಿನಲ್ಲಿ ಗಿರಾಕಿ ಚೆಕ್ ಕೊಡುವ ಚಿತ್ರಗಳು, ಕೆಲವರಿಗೆ ಅದೇ ಗಿರಾಕಿ ಪಿಸ್ತೂಲು ತೋರಿಸುವ ಚಿತ್ರಗಳು. ನೋಡುವವರ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಯಂತ್ರ ಅಳೆಯಿತು. ಕಣ್ಣು ಮತ್ತೆ ಮತ್ತೆ ಪಿಸ್ತೂಲಿಗೇ ಹೋಗುತ್ತಿತ್ತು. ಅದನ್ನು ಹಿಡಿದವನ ಮುಖದ ನೆನಪು ಮಾಸುತ್ತಿತ್ತು. ಭಯ ಹಾಗೆ, ಟಾರ್ಚಿನ ಬೆಳಕಿನಂತೆ. ಬಿದ್ದ ಕಡೆ ಪ್ರಖರ, ಸುತ್ತ ಕತ್ತಲು. 1975ರಲ್ಲಿ ಮತ್ತೆ ಹಾಕಿ ನೋಡುವ ಅವಕಾಶವೂ ಇರಲಿಲ್ಲ. ಸೋನಿಯ ಬೀಟಾಮ್ಯಾಕ್ಸ್ ಟೇಪು ಮಾರುಕಟ್ಟೆಗೆ ಬಂದದ್ದೇ ಆ ವರ್ಷ. ಒಂದು ಸಲ ನೋಡಿದ್ದು, ಉಳಿದದ್ದೆಲ್ಲ ನೆನಪಿನ ಪಾಲು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಚಿಕ್ಕ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವುದಕ್ಕೆ. ಗ್ಲೆನ್ ಸ್ಪಾರ್ಕ್ಸ್ ಮತ್ತು ಜೋಆನ್ ಕ್ಯಾಂಟರ್ 1986ರಲ್ಲಿ ‘ಇನ್‌ಕ್ರೆಡಿಬಲ್ ಹಲ್ಕ್’ ಟಿವಿ ಸರಣಿಯ ಒಂದು ಕಂತು ತೋರಿಸಿ ಇದನ್ನು ನೋಡಿದರು. ಹಲ್ಕ್ ಒಳ್ಳೆಯವನು, ಕಾಪಾಡಲು ಬರುವವನು. ದೊಡ್ಡ ಮಕ್ಕಳಿಗೆ ಅವನು ಬಂದರೆ ನೆಮ್ಮದಿ. ಪುಟ್ಟ ಮಕ್ಕಳಿಗೆ ಅವನ ಹಸಿರು ಮೈ ಕಂಡದ್ದೇ ಭಯ. ಅವರಿಗೆ ಕಥೆಗಿಂತ ಮುಖ ಮುಖ್ಯ. ನಮ್ಮಲ್ಲಿ ಕಟ್ಟುತ್ತಿರುವ ಮನೆಗೆ ದೃಷ್ಟಿಗೊಂಬೆ ತೂಗುಹಾಕುವವರಿಗೂ ಇದು ಗೊತ್ತಿದ್ದಂತಿದೆ: ಕಣ್ಣು ದೊಡ್ಡದು, ಹಲ್ಲು ಹೊರಗೆ. ಕ್ಯಾಂಟರ್ ಅವರೇ ಕ್ರಿಸ್ಟನ್ ಹ್ಯಾರಿಸನ್ ಜೊತೆ 1999ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು. ಶೇಕಡಾ 90ರಷ್ಟು ಜನ ಚಿಕ್ಕಂದಿನಲ್ಲೋ ಹದಿಹರೆಯದಲ್ಲೋ ಪರದೆಯ ಮೇಲೆ ಏನನ್ನೋ ನೋಡಿ ಹೆದರಿದ್ದರು. ಕಾಲು ಭಾಗದವರಿಗೆ ಆ ಅಳುಕು ಇನ್ನೂ ಹೋಗಿರಲಿಲ್ಲ.

ಈಗ ಮತ್ತೆ ನೋಡಿದವರಲ್ಲಿ ಕೆಲವರು ‘ಇದಕ್ಕಾ ನಾನು ಹೆದರಿದ್ದು?’ ಅಂತ ನಗುತ್ತಾರೆ. ನಕ್ಕ ಮಾತ್ರಕ್ಕೆ ಹಳೆಯ ಭಯ ಅಳಿಸಿಹೋಗಿದೆ ಅಂತಲ್ಲ. ಕಲಿತ ಪ್ರತಿಕ್ರಿಯೆ ಆರಿಹೋದಂತೆ ಕಂಡರೂ ಸ್ವಲ್ಪ ಹೊತ್ತು ಬಿಟ್ಟು ತಾನೇ ಮರಳುತ್ತದೆ ಅಂತ ಪಾವ್ಲೋವ್ ತನ್ನ ನಾಯಿಗಳಲ್ಲೇ ಕಂಡಿದ್ದ. ‘ಇದು ಅಪಾಯವಲ್ಲ’ ಅನ್ನುವ ಹೊಸ ಪಾಠ ಹಳೆಯದರ ಮೇಲೆ ಹೊದಿಕೆಯಂತೆ ಕೂರುತ್ತದೆ, ಅಷ್ಟೇ. ಜಾಗ ಬದಲಾದರೆ, ಕತ್ತಲಾದರೆ, ಹೊದಿಕೆ ಸರಿಯಬಹುದು.

ನಾನು ಇದನ್ನು ನೋಡಿದ್ದು ದೊಡ್ಡವನಾದ ಮೇಲೆ, ಹಾಡಹಗಲಲ್ಲಿ. ಒಂದು ಸಣ್ಣ ಪ್ರಯೋಗ ಮಾಡಿದೆ. ಮೂರನೇ ಕಥೆಯನ್ನು ಮೊದಲು ಸದ್ದಿಲ್ಲದೆ ಹಾಕಿದೆ. ಗೊಂಬೆಯನ್ನು ಯಾರೋ ಹಿಡಿದು ಅಲ್ಲಾಡಿಸುತ್ತಿದ್ದಾರೆ ಅಂತ ತಿಳಿಯುತ್ತಿತ್ತು, ನಗು ಬಂತು. ಹಿಂದಕ್ಕೆ ಎಳೆದು, ಸದ್ದು ಕೊಟ್ಟು ಮತ್ತೆ ಹಾಕಿದೆ. ನೆಲಮಟ್ಟದ ಕ್ಯಾಮೆರಾ, ಆ ಕಿಚಕಿಚ ಕೂಗು, ಬಾಗಿಲ ಸಂದಿಯಿಂದ ತೂರುವ ಚಾಕು. ಯಾವಾಗ ಎರಡೂ ಕಾಲನ್ನು ಸೋಫಾದ ಮೇಲೆ ಎಳೆದುಕೊಂಡೆನೋ ನನಗೇ ಗೊತ್ತಿಲ್ಲ.