‘ಮಂಡಿ ಚಿಪ್ಪು ಬದಲಾವಣೆ’ ಎಂದು ಹುಡುಕಿದಾಗ

ಡಾಕ್ಟರು ‘ಮಂಡಿ ಆಪರೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದು’ ಅಂದ ದಿನವೇ ಮನೆಯಲ್ಲಿ ಯಾರಾದರೊಬ್ಬರು ಮೊಬೈಲ್ ಹಿಡಿದು ‘ಮಂಡಿ ಚಿಪ್ಪು ಬದಲಾವಣೆ’ ಎಂದು ಹುಡುಕುತ್ತಾರೆ. ತಪ್ಪು ತಿಳಿವಳಿಕೆ ಆ ಹೆಸರಿನಿಂದಲೇ ಶುರುವಾಗುತ್ತದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಹಳೇ ಚಿಪ್ಪು ತೆಗೆದು ಹೊಸದು ಹಾಕುವುದಿಲ್ಲ. ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲಿನ ಮೂಳೆಯ ಮೇಲ್ತುದಿಯಿಂದ ಸುಮಾರು 8ರಿಂದ 10 ಮಿಲಿಮೀಟರ್ ದಪ್ಪದ ಸವೆದ ಪದರವನ್ನು ಕೊಯ್ದು, ಹುಳುಕು ಹಲ್ಲಿಗೆ ಕ್ಯಾಪ್ ಕೂರಿಸಿದಂತೆ ಹೊಸ ಮೇಲ್ಮೈ ಕೂರಿಸುತ್ತಾರೆ. ಮೇಲೆ ಕೋಬಾಲ್ಟ್-ಕ್ರೋಮಿಯಂ ಹೊದಿಕೆ, ಕೆಳಗೆ ಹೆಚ್ಚಾಗಿ ಟೈಟಾನಿಯಂ ತಟ್ಟೆ, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆ. ಚಿಪ್ಪು ಇದ್ದಲ್ಲೇ ಇರುತ್ತದೆ. ಕೆಲವು ಸರ್ಜನ್‌ಗಳು ಅದರ ಒಳಮೈಗೆ ಸಣ್ಣ ಪ್ಲಾಸ್ಟಿಕ್ ಗುಂಡಿಯೊಂದನ್ನು ಅಂಟಿಸುತ್ತಾರೆ, ಅಷ್ಟೇ. ಇದು ಗೊತ್ತಿಲ್ಲದವರು ಒಂದೋ ಇಡೀ ಮಂಡಿ ಕತ್ತರಿಸುತ್ತಾರೆಂದು ಹೆದರುತ್ತಾರೆ, ಇಲ್ಲವೇ ಚಿಪ್ಪಿನ ಕೆಲಸ ತಾನೆ ಎಂದು ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ಕೀಲು ಬದಲಿ’ ಎನ್ನುವುದು ಇದಕ್ಕಿಂತ ಸರಿಯಾದ ಮಾತು.

ಹೀಗೆ ಹುಡುಕಿದಾಗ ಸಿಗುವ ಬರಹಗಳ ಗುಣಮಟ್ಟ ಅಳೆಯಲು ಸಂಶೋಧಕರ ಬಳಿ ಕೆಲವು ಅಳತೆಗೋಲುಗಳಿವೆ. ಬ್ರಿಟನ್ನಿನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ ಡಿಸರ್ನ್‌ನಲ್ಲಿ 16 ಪ್ರಶ್ನೆಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಮೊದಲ ಎಂಟು ಬರಹವನ್ನು ಎಷ್ಟು ನಂಬಬಹುದು ಎಂದು ಕೇಳುತ್ತವೆ. ಆಮೇಲಿನ ಏಳು, ಚಿಕಿತ್ಸೆಯ ವಿಷಯದಲ್ಲಿ ಏನು ಹೇಳಿದೆ ಎಂದು ನೋಡುತ್ತವೆ. ಕೊನೆಯದು ಒಟ್ಟಾರೆ ಅಂಕ. ಇವುಗಳಲ್ಲಿ ಎರಡು ಪ್ರಶ್ನೆಗಳನ್ನು ಪ್ರತಿಯೊಬ್ಬ ರೋಗಿಯೂ ನೆನಪಿಟ್ಟುಕೊಳ್ಳಬೇಕು: ಚಿಕಿತ್ಸೆ ಮಾಡಿಸದೇ ಇದ್ದರೆ ಏನಾಗುತ್ತದೆ ಎಂದು ಬರೆದಿದೆಯೇ? ಬೇರೆ ದಾರಿಗಳೂ ಇವೆ ಎಂದು ಸ್ಪಷ್ಟವಾಗಿ ಹೇಳಿದೆಯೇ? ಆಪರೇಷನ್ ಮಾಡುವವರೇ ಬರೆಸಿದ ಪುಟಗಳು ಸೋಲುವುದು ಸಾಮಾನ್ಯವಾಗಿ ಈ ಎರಡರಲ್ಲೇ. ತೂಕ ಇಳಿಸುವುದು, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಊರುಗೋಲು ಇವೆಲ್ಲ ಅಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ.

ಓದಲು ಸುಲಭವೇ ಎಂಬುದು ಇನ್ನೊಂದು ಪ್ರಶ್ನೆ. ರೋಗಿಗಳಿಗೆ ಕೊಡುವ ಬರಹ 6ನೇ ತರಗತಿಯ ಮಟ್ಟ ಮೀರಬಾರದು ಎನ್ನುವುದು ಅಮೆರಿಕದ ವೈದ್ಯಕೀಯ ಸಂಘದ ಸಲಹೆ. ಅಲ್ಲಿನ ಮೂಳೆತಜ್ಞರ ಅಕಾಡೆಮಿಯ ರೋಗಿ ಮಾಹಿತಿಯನ್ನು ಅಳೆದ 2008ರ ಅಧ್ಯಯನದಲ್ಲಿ ಸರಾಸರಿ 10ನೇ ತರಗತಿ ದಾಟಿತ್ತು. ಅಳೆಯಲು ಬಳಸುವುದು ಹೆಚ್ಚಾಗಿ ಫ್ಲೆಷ್-ಕಿನ್‌ಕೇಡ್ ಸೂತ್ರ, 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಮಾಡಿದ್ದು. ವಾಕ್ಯಕ್ಕೆ ಸರಾಸರಿ ಎಷ್ಟು ಪದ ಎಂಬುದನ್ನು 0.39ರಿಂದ, ಪದಕ್ಕೆ ಸರಾಸರಿ ಎಷ್ಟು ಉಚ್ಚಾರಾಂಶ ಎಂಬುದನ್ನು 11.8ರಿಂದ ಗುಣಿಸಿ, ಎರಡನ್ನೂ ಕೂಡಿ, 15.59 ಕಳೆದರೆ ತರಗತಿ ಸಿಗುತ್ತದೆ.

ಈ ಸೂತ್ರವನ್ನು ಕನ್ನಡಕ್ಕೆ ಹಚ್ಚಿ ನೋಡೋಣ. ‘ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ.’ ಏಳು ಪದ, ಇಪ್ಪತ್ತು ಉಚ್ಚಾರಾಂಶ. ಲೆಕ್ಕ ಹಾಕಿದರೆ ಬರುವ ಉತ್ತರ ಸುಮಾರು 21! ಅಂದರೆ ಮೂರನೇ ಕ್ಲಾಸಿನ ಮಗುವಿಗೂ ತಿಳಿಯುವ ಈ ಮಾತು ಸ್ನಾತಕೋತ್ತರ ಓದಿದವರಿಗೂ ಕಷ್ಟವೆಂದು ಸೂತ್ರ ಹೇಳುತ್ತದೆ. ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಪದಗಳು ಸಹಜವಾಗಿಯೇ ಉದ್ದ. ಇಂಗ್ಲಿಷಿಗೆ ಹೊಂದಿಸಿದ ಅಂಕಿಗಳು ಇಲ್ಲಿ ಕೆಲಸಕ್ಕೆ ಬಾರವು.

ಹಾಗಾದರೆ ಕನ್ನಡದ ಓದುಗರನ್ನು ಎಡವಿಸುವುದು ಯಾವುದು? ಈ ವಾಕ್ಯ ನೋಡಿ: ‘ಶಸ್ತ್ರಚಿಕಿತ್ಸೋತ್ತರ ಅವಧಿಯಲ್ಲಿ ಆಳ ಅಭಿಧಮನಿ ಥ್ರಾಂಬೋಸಿಸ್‌ನ ಅಪಾಯವನ್ನು ತಗ್ಗಿಸುವ ನಿಟ್ಟಿನಲ್ಲಿ ಶೀಘ್ರ ಚಲನಶೀಲತೆಯನ್ನು ಪ್ರೋತ್ಸಾಹಿಸಲಾಗುತ್ತದೆ.’ ಪದಗಳ ಉದ್ದಕ್ಕಿಂತ ದೊಡ್ಡ ತೊಡಕು ಆ ಕೊನೆಯ ‘ಲಾಗುತ್ತದೆ’. ಯಾರು ಮಾಡಬೇಕು, ಏನು ಮಾಡಬೇಕು, ಎಷ್ಟು ಸಲ ಮಾಡಬೇಕು, ಒಂದೂ ಇಲ್ಲ. ಹೇಳಬೇಕಾದದ್ದು ಇಷ್ಟೇ: ‘ಆಪರೇಷನ್ ಆದಮೇಲೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ. ಮೀನಖಂಡ ಊದಿ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ, ಎದೆನೋವು ಬಂದರೆ ಕೂಡಲೇ 108ಕ್ಕೆ ಫೋನ್ ಮಾಡಿ.’

ಇನ್ನು ಎಷ್ಟೋ ಪುಟಗಳಲ್ಲಿ ಬಿಟ್ಟೇ ಹೋಗುವ ವಿಷಯಗಳಿವೆ. ಪಾಶ್ಚಾತ್ಯ ಪುಟಗಳಿಂದ ಅನುವಾದವಾದ ಬರಹದಲ್ಲಿ ಗಾಲ್ಫ್ ಆಡಬಹುದು, ಈಜಬಹುದು ಎಂದಿರುತ್ತದೆ. ಹೊಸ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತದೆ. ಕುರ್ಚಿಯಲ್ಲಿ ಕೂರಲು, ಮೆಟ್ಟಿಲು ಹತ್ತಲು ಅಷ್ಟು ಸಾಕು. ಕುಕ್ಕರಗಾಲಿನಲ್ಲಿ ಕೂರಲು ಅದಕ್ಕಿಂತ ಹೆಚ್ಚು ಬೇಕು. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಹುದೇ, ದೇವರ ಮನೆಯಲ್ಲಿ ಮಂಡಿಯೂರಬಹುದೇ, ಹಿತ್ತಲಿನ ಕಕ್ಕಸಿಗೆ ಕಮೋಡ್ ಕುರ್ಚಿ ಯಾವಾಗ ತರಬೇಕು? ನಮ್ಮವರು ಮೊದಲು ಕೇಳುವುದು ಇವನ್ನೇ. ಕಮೋಡ್ ಕುರ್ಚಿ ಆಪರೇಷನ್ನಿಗೆ ಮೊದಲೇ ಮನೆಗೆ ಬಂದಿರಬೇಕು.

ದಿಂಬಿನ ವಿಷಯವೂ ಹಾಗೆಯೇ. ನೋವಿದ್ದಾಗ ಮಂಡಿ ಕೆಳಗೆ ದಿಂಬಿಟ್ಟರೆ ಹಾಯೆನಿಸುತ್ತದೆ, ಮನೆಯವರೂ ಅಕ್ಕರೆಯಿಂದ ಇಡುತ್ತಾರೆ. ಹಾಗೇ ಮಡಚಿ ಮಲಗಿದರೆ ಮಂಡಿ ಪೂರ್ತಿ ನೆಟ್ಟಗಾಗದೆ ಬಾಗಿಯೇ ಗಟ್ಟಿಯಾಗುತ್ತದೆ, ನಡಿಗೆ ಕುಂಟುತ್ತದೆ. ಎತ್ತರ ಬೇಕಿದ್ದರೆ ದಿಂಬು ಹಿಮ್ಮಡಿಯ ಕೆಳಗಿರಬೇಕು. ಗಾಯ ಕೆಂಪಾಗಿ ಸೋರಿದರೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದು ಇನ್ನೊಂದು ಅಪಾಯ: ಕೀಲಿನ ದ್ರವ ಪರೀಕ್ಷೆಗೆ ಮೊದಲೇ ಮಾತ್ರೆ ತೆಗೆದುಕೊಂಡರೆ ರೋಗಾಣು ಯಾವುದೆಂದು ಕಲ್ಚರಿನಲ್ಲಿ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಸಿಗದೇ ಹೋಗಬಹುದು.

ಅಂಕಿಸಂಖ್ಯೆ ಕೊಡುವಾಗಲೂ ಪ್ರಾಮಾಣಿಕತೆ ಬೇಕು. ‘ಜೀವನಪರ್ಯಂತ ಬಾಳಿಕೆ’ ಎನ್ನುವ ಬದಲು, ಆಸ್ಟ್ರೇಲಿಯಾ ಮತ್ತು ಫಿನ್ಲೆಂಡ್‌ ದಾಖಲೆಗಳನ್ನು ಆಧರಿಸಿದ 2019ರ ಅಧ್ಯಯನದ ಪ್ರಕಾರ 100 ಹೊಸ ಮಂಡಿಗಳಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ ಎಂದು ಬರೆಯಬಹುದು. ಐವರಲ್ಲಿ ಸುಮಾರು ಒಬ್ಬರಿಗೆ ಫಲಿತಾಂಶ ಪೂರ್ತಿ ತೃಪ್ತಿ ಕೊಡುವುದಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು. ಖರ್ಚಿನ ಮಾತಿಗೆ ಬಂದರೆ, ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟ್‌ಗಳಿಗೆ, ಅಂದರೆ ಒಳಗೆ ಕೂರಿಸುವ ಕೃತಕ ಭಾಗಗಳಿಗೆ, ಗರಿಷ್ಠ ಬೆಲೆ ಕಟ್ಟಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಸೆಟ್ಟಿಗೆ ಆಗ ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ‘ಪ್ಯಾಕೇಜ್’ ಎಂದಷ್ಟೇ ಬರೆಯುವ ಪುಟ ಇದನ್ನು ಬಿಡಿಸಿ ಹೇಳುವುದಿಲ್ಲ. ಇಂಪ್ಲಾಂಟ್ ಡಬ್ಬಿಯ ಮೇಲಿನ ಸ್ಟಿಕ್ಕರ್‌ಗಳನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಳ್ಳಿ. ಮುಂದೆ ಮರು ಆಪರೇಷನ್ ಬೇಕಾದರೆ ಅಳತೆ, ತಯಾರಕರು, ಬ್ಯಾಚ್ ಸಂಖ್ಯೆ ಅದರಲ್ಲೇ ಸಿಗುತ್ತದೆ.

ಬರೆದವರು ತಮ್ಮ ಬರಹವನ್ನು ಪರೀಕ್ಷಿಸಲು ಸೂತ್ರ ಬೇಕಿಲ್ಲ. ಆಪರೇಷನ್ನಿಗೆ ಕಾಯುತ್ತಿರುವ ಐದಾರು ಜನರಿಗೆ ಪುಟ ಓದಲು ಕೊಡಿ, ಓದಲು ಬಾರದವರಿಗೆ ಓದಿ ಹೇಳಿ. ಆಮೇಲೆ ‘ಅರ್ಥ ಆಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಅಮ್ಮಾ, ಮನೆಗೆ ಹೋದಮೇಲೆ ದಿಂಬು ಎಲ್ಲಿಡುತ್ತೀರಿ? ಕಾಲು ಊದಿಕೊಂಡರೆ ಏನು ಮಾಡುತ್ತೀರಿ?’ ಎಂದು ಕೇಳಿ. ಇಬ್ಬರು ದಿಂಬನ್ನು ಮಂಡಿ ಕೆಳಗೆ ತೋರಿಸಿದರೆ ಆ ಸಾಲನ್ನು ಮತ್ತೆ ಬರೆಯಿರಿ, ಪಕ್ಕದಲ್ಲಿ ಒಂದು ಚಿತ್ರ ಹಾಕಿ, ಇನ್ನಿಬ್ಬರಿಗೆ ಕೊಡಿ.